ಗಂಡಸರು ಯಾರಿದ್ದೀರಾ?

ತಂಗಿಯ ಮಗಳು ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. "ದೊಡ್ಡಮ್ಮ, ಗೈಡ್ ಹತ್ರ ಬೈಸ್ಕೊಳ್ಳೋ ಮುಂಚೆ ನೀವೊಂದ್ಸಲ ಕಣ್ಣಾಡಿಸಿ" ಎಂದು ತನ್ನ ಪ್ರಬಂಧದ ಫೈಲನ್ನು ನಮ್ಮನೆಯಲ್ಲಿ ಇಟ್ಟು ಹೋದಳು. ತಲೆಗೆ ಪೆಟ್ಟಾದವರನ್ನು ನೋಡಿಕೊಳ್ಳುವ ಮನೆಯವರ ಮೇಲೆ ಬೀಳುವ ಹೊರೆ ಅವಳ ವಿಷಯ. ಊಟ ಮುಗಿಸಿ ಕನ್ನಡಕ ಹಾಕಿಕೊಂಡು ಕೂತೆ. ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಪಟ್ಟಿಯಲ್ಲಿ ಮೊದಲ ಸಾಲು ಹೀಗಿತ್ತು: ರೋಗಿಯ ಜೊತೆ ಆಸ್ಪತ್ರೆಯಲ್ಲಿರುವ, 18 ವರ್ಷ ದಾಟಿದ, ಪ್ರಶ್ನೆಗಳಿಗೆ ಉತ್ತರಿಸಬಲ್ಲ ಮುಖ್ಯ ಆರೈಕೆದಾರರು ಒಬ್ಬರು.

ಈ ಸಾಲನ್ನು 1990ರ ದಶಕದ ಕೊನೆಯಲ್ಲಿ ನಾನೂ ಬರೆದಿದ್ದೆ. ಮೆಜೆಸ್ಟಿಕ್ ಹತ್ತಿರದ ಟೈಪಿಂಗ್ ಅಂಗಡಿಯೊಂದರಲ್ಲಿ ಕೂತು, ಕಾಗುಣಿತ ತಪ್ಪದ ಹಾಗೆ ಹೇಳಿ ಟೈಪ್ ಮಾಡಿಸಿದ್ದೆ. ನನಗೆ ಯಾರು ಕೊಟ್ಟಿದ್ದರು, ಅವರಿಗೆ ಯಾರು ಕೊಟ್ಟಿದ್ದರು, ಗೊತ್ತಿಲ್ಲ. ಗೈಡುಗಳಿಂದ ವಿದ್ಯಾರ್ಥಿಗಳಿಗೆ, ಆ ವಿದ್ಯಾರ್ಥಿಗಳು ಗೈಡುಗಳಾದ ಮೇಲೆ ಅವರ ವಿದ್ಯಾರ್ಥಿಗಳಿಗೆ, ಅಕ್ಷರವೂ ಅಲುಗಾಡದೆ ಈ ಸಾಲು ನಮ್ಮ ಮನೆಯ ಊಟದ ಮೇಜಿನವರೆಗೆ ಬಂದಿದೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಲಗಿದಾಗ ನೆನಪಾದವರೆಲ್ಲ ಈ ಸಾಲಿನ ಹೊರಗೆ ಉಳಿದವರೇ.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ನರಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್ ಆಗಿ ಕೆಲಸ ಶುರು ಮಾಡಿದವಳು. ಹಾಸನದ ಕಡೆಯ ಹಳ್ಳಿಯಿಂದ ಬಂದವಳಿಗೆ ಆ ವಾರ್ಡಿನ ಮೊದಲ ವಾರಗಳು ಭಯಂಕರ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೆ ಮುಂಚೆ ತಲೆ ಒಡೆದವರು ಟೆಂಪೋದಲ್ಲಿ, ಜೀಪಿನಲ್ಲಿ, ಹಾಲಿನ ವ್ಯಾನಿನಲ್ಲಿ ಬರುತ್ತಿದ್ದರು. ತಾಲೂಕು ಆಸ್ಪತ್ರೆಯವರು ಜಿಲ್ಲೆಗೆ ಕಳಿಸಿ, ಜಿಲ್ಲೆಯವರು ಬೆಂಗಳೂರಿಗೆ ಕಳಿಸಿ, ನಮ್ಮ ಕೈಗೆ ಸಿಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಹೆಚ್ಚಿನವರು ಬೈಕಿನಿಂದ ಬಿದ್ದವರು. ಉಳಿದವರಲ್ಲಿ ತೆಂಗಿನ ಮರದಿಂದ ಬಿದ್ದವರು, ಸಾರ್ವೆಯಿಂದ ಜಾರಿದ ಗಾರೆ ಕೆಲಸದವರು, ಗದ್ದೆಯ ಬದುವಿನ ಜಗಳದಲ್ಲಿ ದೊಣ್ಣೆಯೇಟು ತಿಂದವರು. ಜಾತ್ರೆ, ಹಬ್ಬದ ಮಾರನೆಯ ದಿನ ನೆಲದ ಮೇಲೂ ಹಾಸಿಗೆ.

ಪ್ರತಿ ಗಂಟೆಗೊಮ್ಮೆ ಟಾರ್ಚ್ ಹಿಡಿದು ಕಣ್ಣಿನ ಪಾಪೆ ನೋಡುವುದು, ಎದೆಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿ ನೋವಿಗೆ ಕೈ ಎತ್ತುತ್ತಾರಾ ಎಂದು ನೋಡುವುದು, ಹೆಸರು ಕೇಳುವುದು, ಚಾರ್ಟಿನಲ್ಲಿ ಅಂಕಿ ಬರೆಯುವುದು ನಮ್ಮ ಕೆಲಸ. ಈ ಅಂಕಿಯ ಲೆಕ್ಕವನ್ನು 1974ರಲ್ಲಿ ಗ್ಲ್ಯಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಕೊಟ್ಟರು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟು ತೀವ್ರ ಎಂದು ಅರ್ಥ. ಏನೂ ಇಲ್ಲದಿದ್ದರೂ ಪ್ರತಿಯೊಂದಕ್ಕೂ 1 ಕೊಡಬೇಕಾದ್ದರಿಂದ ಅತಿ ಕಡಿಮೆ ಎಂದರೆ 3. ಸತ್ತವನಿಗೂ ಇಲ್ಲಿ ಮೂರು ಮಾರ್ಕು ಗ್ಯಾರಂಟಿ ಎಂದು ರಾತ್ರಿ ಪಾಳಿಯಲ್ಲಿ ನಾವು ನಗುತ್ತಿದ್ದೆವು. ನಗದೆ ಆ ವಾರ್ಡಿನಲ್ಲಿ ಇರಲು ಆಗುತ್ತಿರಲಿಲ್ಲ.

ವಾರ್ಡಿನ ಬಾಗಿಲಾಚೆ ಉದ್ದದ ಕಾರಿಡಾರು. ಅಲ್ಲಿ ಪೇಷೆಂಟ್ ಕಡೆಯವರು. ಗೊಬ್ಬರದ ಚೀಲ ಬಿಚ್ಚಿ ಹಾಸಿಕೊಂಡು, ತಲೆದಿಂಬಿಗೆ ಬಟ್ಟೆಯ ಗಂಟು ಇಟ್ಟುಕೊಂಡು ಮಲಗುತ್ತಿದ್ದರು. ಬಾಗಿಲು ತೆರೆದ ಕೂಡಲೇ ಇಡೀ ಕಾರಿಡಾರು ಎದ್ದು ನಿಲ್ಲುತ್ತಿತ್ತು. "ಕಣ್ಣು ಬಿಟ್ರಾ ಸಿಸ್ಟರ್?" ಡಾಕ್ಟರು ಹೊರಗೆ ಬಂದರೆ ಮೊದಲು ಕೇಳುತ್ತಿದ್ದ ಮಾತು, "ಈ ಪೇಷೆಂಟ್ ಕಡೆ ಗಂಡಸರು ಯಾರಿದ್ದೀರಾ?" ಯಾರೋ ಭಾವಮೈದುನ, ಚಿಕ್ಕಪ್ಪ, ಊರಿನ ಪಂಚಾಯಿತಿ ಮೆಂಬರು ಮುಂದೆ ಬರುತ್ತಿದ್ದರು. ಮೂರು ದಿನದಿಂದ ತಲೆ ಬಾಚದೆ ಕೂತ ಹೆಂಡತಿ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು. ಮಿದುಳಿನಲ್ಲಿ ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ಆಪರೇಷನ್ ಮಾಡಿದರೆ ಏನು, ಮಾಡದಿದ್ದರೆ ಏನು ಎಂಬುದೆಲ್ಲ ಆ ಗಂಡಸಿನ ಕಿವಿಗೆ ಹೋಗುತ್ತಿತ್ತು. ಅವನು ತಲೆಯಾಡಿಸಿ, ಸಹಿ ಹಾಕಿ, ದುಡ್ಡು ಹೊಂದಿಸಲು ಓಡುತ್ತಿದ್ದ. ದುಡ್ಡಿಗೆ ಓಡುವುದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಅವನು ಕೇಳಿಸಿಕೊಂಡದ್ದರಲ್ಲಿ ಹೆಂಡತಿಗೆ ತಲುಪುತ್ತಿದ್ದುದು "ಏನೂ ಆಗಲ್ವಂತೆ, ದೇವ್ರಿದಾನೆ" ಎಂಬಷ್ಟೇ.

ಆಮೇಲೆ ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದನ್ನು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ಗಂಟಲಿನ ತೂತಿನಿಂದ ಕಫ ತೆಗೆಯುವುದನ್ನು ಕಲಿಸುವ ಹೊತ್ತು ಬಂದಾಗ ನಾವು ನರ್ಸುಗಳು ಬಾಗಿಲಿಗೆ ಬಂದು ಕೂಗುತ್ತಿದ್ದುದು: "ಹೆಂಗಸರು ಯಾರಾದ್ರೂ ಬನ್ನಿ."

ತಲೆಬುರುಡೆಯ ಒಂದು ತುಂಡನ್ನು ತೆಗೆದು ಮಿದುಳಿನ ಬಾವಿಗೆ ಜಾಗ ಮಾಡಿಕೊಡುವ ಆಪರೇಷನ್ ಇದೆ. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಜೋಪಾನವಾಗಿ ಇಟ್ಟು ಹೊಲಿದು, ತಿಂಗಳುಗಳು ಕಳೆದ ಮೇಲೆ ವಾಪಸು ತಲೆಗೆ ಕೂರಿಸುತ್ತಾರೆ. ನಮಗಿದು ಮಾಮೂಲು. ಒಬ್ಬಾಕೆಗೆ ಇದನ್ನು ಯಾರೂ ಹೇಳಿರಲಿಲ್ಲ. ಗಂಡನ ಮೈ ಒರೆಸುವಾಗ ಹೊಟ್ಟೆಯಲ್ಲಿ ಗಟ್ಟಿಯಾದ ತಟ್ಟೆಯಂಥದ್ದು ಕೈಗೆ ಸಿಕ್ಕಿ, ಡಾಕ್ಟರು ಏನೋ ಒಳಗೆ ಬಿಟ್ಟು ಹೊಲಿದಿದ್ದಾರೆ ಎಂದುಕೊಂಡು ಎರಡು ದಿನ ಯಾರಿಗೂ ಹೇಳದೆ ಊಟ ಬಿಟ್ಟಿದ್ದಳು. ಅವಳ ಭಾವನಿಗೆ ಗೊತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ಅವನೇ. ಹೆಂಗಸರಿಗೆ ಹೇಳಿ ಯಾಕೆ ಹೆದರಿಸುವುದು ಎಂದು ಸುಮ್ಮನಿದ್ದನಂತೆ.

ಇಂಥದ್ದನ್ನೆಲ್ಲ ನೋಡಿ ನೋಡಿಯೇ ಇರಬೇಕು, ಎಂ.ಎಸ್ಸಿ.ಗೆ ಸೇರಿದಾಗ ವಿಷಯ ಹುಡುಕಲು ಕಷ್ಟಪಡಲಿಲ್ಲ. ನನ್ನ ಗೈಡ್ ಮೇಡಂ ಕೇರಳದವರು. ಅಚ್ಚುಕಟ್ಟು ಕಾಟನ್ ಸೀರೆ, ಎಣ್ಣೆ ಹಾಕಿ ಬಿಗಿದ ಜಡೆ, ಮಲಯಾಳದ ರಾಗದಲ್ಲಿ ಕನ್ನಡ. ಬೈಯುವಾಗ ಮಾತ್ರ ಇಂಗ್ಲಿಷ್. ಅವರು ಎಲ್ಲೆಲ್ಲಿಂದಲೋ ತರಿಸಿಟ್ಟಿದ್ದ ಜೆರಾಕ್ಸ್ ಪ್ರತಿಗಳ ಕಟ್ಟೊಂದು ನನ್ನ ಪಾಲಿಗೆ ಬಂತು. ಇಂಟರ್ನೆಟ್ ಇನ್ನೂ ನಮ್ಮ ಹಾಸ್ಟೆಲಿಗೆ ಬಂದಿರದ ಕಾಲ. ಕೆಲವು ಪುಟಗಳ ಅಂಚು ಕತ್ತರಿಸಿಹೋಗಿ, ಸಾಲಿನ ಕೊನೆಯ ಪದಗಳನ್ನು ಊಹಿಸಿಕೊಂಡು ಓದಬೇಕಿತ್ತು.

ಆ ಕಟ್ಟಿನಲ್ಲಿ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ 1979ರಲ್ಲಿ ಬರೆದ ಲೇಖನವಿತ್ತು. ತೀವ್ರ ನಿಗಾ ಘಟಕದ ಹೊರಗೆ ಕಾಯುವವರಿಗೆ ಏನೇನು ಬೇಕು ಎಂದು 45 ಅಗತ್ಯಗಳ ಪಟ್ಟಿ ಮಾಡಿ, 40 ಮಂದಿ ಬಂಧುಗಳನ್ನು ಕೇಳಿದ್ದಳು. ಎಲ್ಲಕ್ಕಿಂತ ಮೇಲೆ ಬಂದದ್ದು ಭರವಸೆ. ಅದರ ಆಸುಪಾಸಿನಲ್ಲೇ, ಕೇಳಿದ್ದಕ್ಕೆ ನಿಜವಾದ ಉತ್ತರ ಸಿಗಬೇಕು ಎಂಬುದು. ಕೂರಲು ಕುರ್ಚಿ, ಕುಡಿಯಲು ಕಾಫಿ ಇವೆಲ್ಲ ಎಷ್ಟೋ ಕೆಳಗೆ. ನಮ್ಮ ಕಾರಿಡಾರಿನ ಗೊಬ್ಬರದ ಚೀಲಗಳು ನೆನಪಾಗಿ, ಅಲ್ಲಾದರೂ ಇಲ್ಲಾದರೂ ಅಷ್ಟೇ ಅನ್ನಿಸಿತ್ತು. ಎಷ್ಟೋ ವರ್ಷಗಳ ಮೇಲೆ, 2007ರಲ್ಲಿ, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ನರ್ಸ್ ಸೋಫಿ ವೆರ್ಹಾಗೆ ಮತ್ತು ಸಂಗಡಿಗರು ಕೋಮಾದಲ್ಲಿರುವವರ ಮನೆಯವರ ಭರವಸೆಯ ಬಗ್ಗೆ ಬರೆದದ್ದನ್ನು ಓದಿದೆ. ಮನೆಯವರು ಸುಳ್ಳು ಸಮಾಧಾನ ಬೇಡುವುದಿಲ್ಲ, ಸರಿಯಾದ ಮಾಹಿತಿಯ ಮೇಲೆಯೇ ಒಂದೊಂದು ಮೆಟ್ಟಿಲಿನ ಭರವಸೆ ಕಟ್ಟಿಕೊಳ್ಳುತ್ತಾರೆ ಎನ್ನುತ್ತದೆ ಅದು. ನಾವು ಕಾರಿಡಾರಿನಲ್ಲಿ ನಡೆಸಿದ್ದು ಇದರ ಉಲ್ಟಾ. ಮಾಹಿತಿಯನ್ನು ಬಚ್ಚಿಟ್ಟು ಭರವಸೆಯನ್ನು ಹಂಚುತ್ತಿದ್ದೆವು.

ಕಟ್ಟಿನಲ್ಲಿದ್ದ ಇನ್ನೆರಡು ಲೇಖನಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮ್ಯೂರಿಯಲ್ ಲೆಜಾಕ್ ಎಂಬ ನರಮನೋವಿಜ್ಞಾನಿ 1978ರಲ್ಲಿ ಬರೆದದ್ದು ಒಂದು. ಮಿದುಳಿನ ಪೆಟ್ಟಿನಿಂದ ಸ್ವಭಾವವೇ ಬದಲಾದ ಗಂಡನೋ ಹೆಂಡತಿಯೋ ಮನೆಯಲ್ಲಿದ್ದರೆ, ಜೊತೆಗಾರರು ಅತ್ತ ಸಂಗಾತಿ ಇದ್ದವರೂ ಅಲ್ಲ, ಇತ್ತ ಇಲ್ಲದವರೂ ಅಲ್ಲ. ಮನುಷ್ಯ ಕಣ್ಣೆದುರಿಗೇ ಇರುವುದರಿಂದ ಅವರಿಗೆ ಅಳುವ ಹಕ್ಕನ್ನೂ ಊರು ಕೊಡುವುದಿಲ್ಲ ಎಂಬುದು ಅದರ ತಿರುಳು. ಇನ್ನೊಂದು ಗ್ಲ್ಯಾಸ್ಗೋದಿಂದ ಬಂದದ್ದು. ಕೋಮಾ ಅಳೆಯುವ ಲೆಕ್ಕ ಕೊಟ್ಟ ಊರಿನಲ್ಲೇ ಮ್ಯಾಕಿನ್ಲೇ, ಬ್ರೂಕ್ಸ್ ಮೊದಲಾದವರು ಪೆಟ್ಟಾದ ಮೂರು, ಆರು, ಹನ್ನೆರಡು ತಿಂಗಳ ಮೇಲೆ ಮನೆಯವರನ್ನು ಕೂರಿಸಿ ಮಾತಾಡಿಸಿ 1981ರಲ್ಲಿ ವರದಿ ಮಾಡಿದ್ದರು. 1986ರಲ್ಲಿ ಐದು ವರ್ಷಗಳ ಲೆಕ್ಕವನ್ನೂ ಕೊಟ್ಟರು. ಕಾಲ ಕಳೆದಂತೆ ಹೊರೆ ಇಳಿಯುತ್ತದೆ ಎಂದು ಯಾರಾದರೂ ಎಣಿಸುತ್ತಾರೆ. ಮೊದಲ ವರ್ಷಕ್ಕಿಂತ ಐದನೇ ವರ್ಷದಲ್ಲಿ ಬಂಧುಗಳು ಹೆಚ್ಚು ಬಳಲಿದ್ದರು. ಅವರನ್ನು ಬಳಲಿಸಿದ್ದು ಕುಂಟುವ ಕಾಲಿಗಿಂತ, ಎತ್ತಲಾಗದ ಕೈಗಿಂತ ಹೆಚ್ಚಾಗಿ ಬದಲಾದ ಗುಣ.

ಇಷ್ಟು ಓದಿಯೂ ನಾನು ಮಾಡಿದ್ದು ವಾರ್ಡಿನೊಳಗಿನ ಅಧ್ಯಯನ. ಡಿಸ್ಚಾರ್ಜಿನ ಹಿಂದಿನ ದಿನ, ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಪ್ರಶ್ನಾವಳಿ ತುಂಬಿಸಿಕೊಳ್ಳುವುದು. ಕೋರ್ಸಿನ ಅವಧಿಗೆ ಅದೇ ಹೊಂದುತ್ತಿತ್ತು. ಇಂದಿಗೂ ನಮ್ಮ ಕಾಲೇಜುಗಳ ಬಹುಪಾಲು ಪ್ರಬಂಧಗಳ ವಿಷಯ, ವಿಧಾನ, ಸಂಖ್ಯೆ ಎಲ್ಲವನ್ನೂ ತೀರ್ಮಾನಿಸುವುದು ಪರೀಕ್ಷೆಯ ವೇಳಾಪಟ್ಟಿ. ಇದನ್ನು ಒಳಗಿನವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಪ್ರಶ್ನಾವಳಿ ಜ಼ರಿಟ್ ಅವರದು. ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವ ಅಮೆರಿಕದ ಮನೆಯವರಿಗಾಗಿ 1980ರಲ್ಲಿ ಹುಟ್ಟಿದ್ದು. ಮೊದಲು 29 ಪ್ರಶ್ನೆಗಳಿದ್ದವು, ಆಮೇಲೆ 22 ಆದವು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಎಲ್ಲ ಕೂಡಿದರೆ 88. ಒಬ್ಬ ಮನುಷ್ಯ ಇನ್ನೊಬ್ಬನನ್ನು ನೋಡಿಕೊಳ್ಳುತ್ತಾನೆ ಎಂಬ ಚಿತ್ರ ಅದರ ತಳದಲ್ಲಿದೆ. ಮನೆ ಎಂಬ ಮನೆ ಅದರಲ್ಲಿ ಇಲ್ಲ. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲೇ ಇದೇ ಬೆಂಗಳೂರಿನಲ್ಲಿ, ಮಾನಸಿಕ ಕಾಯಿಲೆಯವರ ಕುಟುಂಬಗಳಿಗಾಗಿ ಒಂದು ಸಂದರ್ಶನ ಪಟ್ಟಿ ಮಾಡಿದ್ದರು. ಅದು ಮನೆಯ ದುಡ್ಡು ಕಾಸು ಏನಾಯಿತು ಎಂದು ಕೇಳುತ್ತದೆ. ದಿನದ ಕೆಲಸ, ಬಿಡುವು, ಮನೆಮಂದಿಯ ನಡುವಿನ ಸಂಬಂಧ, ಉಳಿದವರ ದೇಹ ಮತ್ತು ಮನಸ್ಸಿನ ಆರೋಗ್ಯ ಎಲ್ಲವನ್ನೂ ಬಿಡಿಸಿ ಕೇಳುತ್ತದೆ. ಮೇಡಂಗೆ ಅದರ ಪರಿಚಯವಿತ್ತು. ಆದರೆ ಹೊರದೇಶದ ಪತ್ರಿಕೆಯವರು ಜ಼ರಿಟ್ ಆದರೆ ಒಪ್ಪುತ್ತಾರೆ ಎಂಬುದು ಅವರ ಲೆಕ್ಕ. ನಮ್ಮ ಲೇಖನ ಹೊರದೇಶದ ಯಾವ ಪತ್ರಿಕೆಗೂ ಹೋಗಲಿಲ್ಲ, ಆ ಮಾತು ಬೇರೆ.

ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದವರು ಯಾರು? ನಾನು ಕೇಳುತ್ತಿದ್ದುದು ಮುಖ್ಯವಾಗಿ ನೋಡಿಕೊಳ್ಳುವವರು ಯಾರು ಎಂದು. ಅಣ್ಣನೋ ಅಪ್ಪನೋ ಮುಂದೆ ಬಂದು ಕೂರುತ್ತಿದ್ದರು. ಸಂಜೆ ಬಸ್ಸಿಗೆ ಊರಿಗೆ ಹೋಗಿ ಮೂರು ದಿನ ಬಿಟ್ಟು ಬರುವವರು. ಗಂಜಿ ಸೋಸುತ್ತಾ ಪಕ್ಕದಲ್ಲೇ ನಿಂತ ಹೆಂಗಸಿನ ಕಡೆ ನಾನು ತಿರುಗಿದರೆ, "ಅವಳಿಗೇನು ಗೊತ್ತಾಗುತ್ತೆ ಸಿಸ್ಟರ್, ನನ್ನನ್ನೇ ಕೇಳಿ" ಎನ್ನುತ್ತಿದ್ದರು. ಕೆಲವರಿಗೆ ಇನ್ನೊಂದು ಭಯ. ಅಪಘಾತದ ಪರಿಹಾರದ ಕೇಸು ನಡೆಯುತ್ತಿರುತ್ತಿತ್ತು. "ಲಾಯರ್ ಹೇಳವ್ರೆ, ಯಾರು ಏನ್ ಕೇಳಿದ್ರೂ ನೋಡಿ ಉತ್ರ ಕೊಡಿ ಅಂತ. ಇದ್ರಲ್ಲಿ ಚೆನ್ನಾಗವ್ನೆ ಅಂತ ಬರದ್ರೆ ಕೇಸ್ ಬಿದ್ದೋಯ್ತದಾ?" ಎಂದು ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದರು.

ಮೇಡಂ ಒಳ್ಳೆಯವರು. ಅಂಕಿಗಳ ಜೊತೆಗೆ ಕೆಲವು ಮನೆಗಳಿಗೂ ಹೋಗಿ ಬಾ, ಕೊನೆಯ ಅಧ್ಯಾಯಕ್ಕೆ ಆಗುತ್ತದೆ ಎಂದರು. ಹಿಂದಿನ ವರ್ಷ ಡಿಸ್ಚಾರ್ಜ್ ಆದವರ ವಿಳಾಸಗಳನ್ನು ಕೇಸ್ ಶೀಟುಗಳಿಂದ ಬರೆದುಕೊಂಡೆ. ಮಾರಮ್ಮನ ಗುಡಿ ಹಿಂದೆ, ಡೈರಿ ಪಕ್ಕ, ಪಕ್ಕದ ಮನೆಯ ಪಿ.ಪಿ. ನಂಬರು. ಕಾರ್ಡು ಹಾಕಿ, ಉತ್ತರ ಬಂದವರ ಮನೆಗಳಿಗೆ ಮದ್ದೂರು, ಚನ್ನಪಟ್ಟಣ, ಕನಕಪುರದ ಬಸ್ಸು ಹಿಡಿದೆ.

ಚನ್ನಪಟ್ಟಣದ ಆಚೆಯ ಒಂದು ಹಳ್ಳಿ. ಗಂಡ ಟೆಂಪೋ ಡ್ರೈವರ್ ಆಗಿದ್ದವನು. ನಮ್ಮ ವಾರ್ಡಿನಿಂದ ನಡೆದುಕೊಂಡೇ ಮನೆಗೆ ಹೋದವನು. ಡಿಸ್ಚಾರ್ಜ್ ಹಾಳೆಯಲ್ಲಿ ಅವನ ಅಂಕಿ ಹದಿನೈದಕ್ಕೆ ಹದಿನೈದು. ಕೆಳಗೆ, ಚೇತರಿಕೆ ಉತ್ತಮ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ಅತ್ತೆಯ ಎದುರಿಗೆ, ಆ ಹೆಂಡತಿ ನನ್ನ 22 ಪ್ರಶ್ನೆಗಳಿಗೂ "ಇಲ್ಲ", "ಏನೂ ತೊಂದ್ರೆ ಇಲ್ಲ" ಎಂದಳು. ಕೂಡಿ ನೋಡಿದರೆ ಹೊರೆಯೇ ಇಲ್ಲ ಎನ್ನುವಷ್ಟು ಕಡಿಮೆ ಅಂಕ. ಎಳನೀರು ಕೊಟ್ಟರು, ಕುಡಿದೆ. ಬಸ್ ಸ್ಟಾಪಿನವರೆಗೆ ಬಿಟ್ಟುಬರುತ್ತೇನೆ ಎಂದು ಅವಳು ಹೊರಟಳು. ಹಿಪ್ಪುನೇರಳೆ ತೋಟ ದಾಟಿದ ಮೇಲೆ ಶುರು ಮಾಡಿದಳು.

"ಇವ್ರು ನಮ್ಮನೆಯವ್ರಲ್ಲ ಸಿಸ್ಟರ್. ಅವ್ರ ಅಂಗಿ ಹಾಕ್ಕಂಡು ಇನ್ಯಾರೋ ಬಂದವ್ರೆ."

ಸಾವಿನ ಮನೆಯಲ್ಲಿ ಹೆಣದ ಮುಂದೆ ಜೋರಾಗಿ ನಕ್ಕನಂತೆ. ಮಗುವಿನ ತಟ್ಟೆಯ ಮುದ್ದೆ ಕಿತ್ತುಕೊಂಡು ತಿಂದನಂತೆ. ಬೀದಿಯಲ್ಲೇ ನಿಂತು ಉಚ್ಚೆ ಹುಯ್ಯುತ್ತಾನೆ. ನಾದಿನಿಯರಿಗೆ ಆಡಬಾರದ ಮಾತು ಆಡುತ್ತಾನೆ. ಎಲ್ಲಕ್ಕಿಂತ ಅವಳನ್ನು ಸುಡುತ್ತಿದ್ದುದು ಊಟದ ವಿಷಯ. ಏನು ಮಾಡಿಟ್ಟರೂ ರುಚಿಯಿಲ್ಲ ಎಂದು ತಟ್ಟೆ ಎಸೆಯುತ್ತಾನೆ. ಮೊದಲು ಅವಳ ಕೈಯ ಉಪ್ಸಾರಿಗೆ ಊರೆಲ್ಲ ಕೊಂಡಾಡುತ್ತಿದ್ದವನು. "ನನ್ ಕೈನೇ ಕೆಟ್ಟೋಯ್ತೇನೋ ಅಂತ ಅತ್ತೆ ಮನೆ, ತಾಯಿ ಮನೆ ಎಲ್ಲಾ ಕಡೆ ಉಪ್ಪು ಖಾರ ಕೇಳ್ಕೊಂಡ್ ಬಂದೆ."

ಗಾಡಿ ಗಕ್ಕನೆ ನಿಂತು ತಲೆ ಬಡಿದಾಗ ಮಿದುಳು ಒಳಗೇ ಮುಂದಕ್ಕೆ ನುಗ್ಗುತ್ತದೆ. ಕಣ್ಣುಗುಡ್ಡೆಗಳ ಮೇಲಿನ ತಲೆಬುರುಡೆಯ ನೆಲ ಉಬ್ಬುತಗ್ಗು. ಹಣೆಯ ಹಿಂದಿನ ಭಾಗ ಅದಕ್ಕೆ ಉಜ್ಜಿ ಜಜ್ಜಿಹೋಗುತ್ತದೆ. ಎಲ್ಲಿ ನಗಬೇಕು, ಎಲ್ಲಿ ತಡೆದುಕೊಳ್ಳಬೇಕು ಎಂದು ನೋಡಿಕೊಳ್ಳುವ ಭಾಗ ಅದು. ಅದರ ಅಡಿಯಲ್ಲೇ ವಾಸನೆಯ ಎಳೆಯಂಥ ನರಗಳು ಮೂಗಿಗೆ ಇಳಿಯುತ್ತವೆ. ಆ ನೂಕಿನಲ್ಲಿ ಅವೂ ಹರಿಯುತ್ತವೆ. ವಾಸನೆ ಹೋದರೆ ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಸಿಗಬಹುದು, ರುಚಿ ಸಿಗುವುದಿಲ್ಲ. ತಲೆಪೆಟ್ಟಿನವರಲ್ಲಿ ಇದು ಅಪರೂಪವೇನಲ್ಲ. ರಸ್ತೆಬದಿಯ ಹುಣಸೆಮರದ ಕೆಳಗೆ ನಿಂತು ಇಷ್ಟನ್ನು ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ, "ಹಂಗಾದ್ರೆ ನನ್ ಅಡ್ಗೆ ಸರಿಯಾಗೈತೆ" ಎಂದಳು. ವರ್ಷದ ಮೇಲಾಗಿತ್ತು ಆಸ್ಪತ್ರೆ ಬಿಟ್ಟು. ಒಂದೇ ಒಂದು ವಾಕ್ಯದ ಮಾಹಿತಿ. ಯಾರೂ ಅವಳಿಗೆ ಹೇಳಿರಲಿಲ್ಲ.

ಬಸ್ ಸ್ಟಾಪಿನಲ್ಲಿ ಕೇಳಿದ ಯಾವುದೂ ಪ್ರಬಂಧದ ಕೋಷ್ಟಕಕ್ಕೆ ಸೇರಲಿಲ್ಲ. ಪ್ರಶ್ನಾವಳಿ ಚಾಪೆಯ ಮೇಲೆಯೇ ಮುಗಿದಿತ್ತು. ಕೋಷ್ಟಕದಲ್ಲಿ ಅವಳು ಹೊರೆ ಇಲ್ಲದವರ ಸಾಲಿನಲ್ಲಿದ್ದಾಳೆ.

ಮದ್ದೂರಿನ ಹತ್ತಿರದ ಇನ್ನೊಂದು ಮನೆ. ಐ.ಟಿ.ಐ. ಓದುತ್ತಿದ್ದ ಹುಡುಗ. ಕಣ್ಣು ತೆರೆದಿರುತ್ತಿತ್ತು, ನೋಟವಿರಲಿಲ್ಲ. ತಾಯಿ ಅವನನ್ನು ಇಟ್ಟುಕೊಂಡ ರೀತಿ ನೋಡಿ ನಾನು ದಂಗಾದೆ. ಹಳೆ ಸೀರೆಗಳ ಕೌದಿಯನ್ನು ಮಡಿಸಿ ಮೊಣಕಾಲುಗಳ ನಡುವೆ, ಬೆನ್ನಿಗೆ, ಪಾದಕ್ಕೆ ಆನಿಕೆ ಕೊಟ್ಟಿದ್ದಳು. ಹಿಮ್ಮಡಿಯಲ್ಲಾಗಲಿ ಬೆನ್ನಡಿಯಲ್ಲಾಗಲಿ ಒಂದು ಕೆಂಪು ಕಲೆ ಇರಲಿಲ್ಲ. ನಮ್ಮ ವಾರ್ಡಿನಲ್ಲಿ ಅಷ್ಟು ಚೆನ್ನಾಗಿ ನೋಡಿಕೊಂಡ ಬೆನ್ನುಗಳು ಕಡಿಮೆ. ನಾನು ಹೊಗಳಿದಾಗ ಅವಳು ಮೂಲೆಗೆ ಕೈ ತೋರಿಸಿದಳು. "ಇವ್ಳೇ ಎಲ್ಲಾ ಮಾಡದು. ನಾನು ಕೂಲಿಗೋಯ್ತೀನಿ." ಮೂಲೆಯಲ್ಲಿ ರಾಗಿ ಗಂಜಿ ಸೋಸುತ್ತಿದ್ದ ಹುಡುಗಿ. ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟಿದ್ದಳು. ಮಗ್ಗುಲು ಬದಲಿಸುವ ಹೊತ್ತು ಗೊತ್ತಾಗಲು ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆದುಕೊಂಡಿದ್ದಳು, ಎಡಕ್ಕೊಂದು ಬಲಕ್ಕೊಂದು. ಯಾರು ಹೇಳಿಕೊಟ್ಟರು ಎಂದರೆ, ವಾರ್ಡಿನಲ್ಲಿ ಅಮ್ಮನಿಗೆ ಹೇಳುತ್ತಿದ್ದಾಗ ಬಾಗಿಲ ಸಂದಿಯಿಂದ ನೋಡಿದೆ ಎಂದಳು. ಮಕ್ಕಳನ್ನು ಒಳಗೆ ಬಿಡುವ ನಿಯಮ ಇರಲಿಲ್ಲ.

ಅವಳಿಗೆ ಹದಿನೆಂಟು ತುಂಬಿರಲಿಲ್ಲ. ನನ್ನ ಹಾಳೆಯಲ್ಲಿ ಅವಳಿಗೆ ಜಾಗ ಇರಲಿಲ್ಲ. ತಾಯಿಯನ್ನು ಕೇಳಿ, ತಾಯಿಯ ಹೆಸರು ಬರೆದುಕೊಂಡು ಬಂದೆ.

ಪೆಟ್ಟು ಬಿದ್ದವಳು ಹೆಂಗಸಾದರೆ ಕತೆಯೇ ಬೇರೆ. ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನಾವು ಬಹಳ ನೋಡಿದ್ದೆವು. ಅಂಥ ಒಬ್ಬಳ ಗಂಡನ ವಿಳಾಸಕ್ಕೆ ಹೋದರೆ ಅಲ್ಲಿ ಬೇರೆ ಹೆಂಡತಿ ಇದ್ದಳು. ಪೆಟ್ಟು ಬಿದ್ದವಳು ತವರಿನಲ್ಲಿ ಎಂದರು. ನಾನು ನೋಡಿದ ಮನೆಗಳಲ್ಲಿ ಗಂಡಸಿಗೆ ಪೆಟ್ಟಾದಾಗ ಹೆಂಡತಿ ಉಳಿದಳು. ಹೆಂಗಸಿಗೆ ಪೆಟ್ಟಾದಾಗ ಉಳಿದವಳು ಅವಳ ತಾಯಿ. ಇದನ್ನು ಪ್ರಬಂಧದಲ್ಲಿ ಬರೆಯಲು ಹೊರಟಾಗ, ಇಷ್ಟು ಕಡಿಮೆ ಮನೆಗಳಿಂದ ಹಾಗೆಲ್ಲ ತೀರ್ಮಾನಕ್ಕೆ ಬರಬಾರದು ಎಂದು ಮೇಡಂ ಗೆರೆ ಎಳೆದರು. ವಿಜ್ಞಾನದ ಲೆಕ್ಕದಲ್ಲಿ ಅವರದ್ದೇ ಸರಿ. ಆದರೂ ಆ ಪ್ಯಾರಾ ಹೋಗಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪ್ರಬಂಧ ನೀಲಿ ರೆಕ್ಸಿನ್ ರಟ್ಟಿನಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ ಬೈಂಡಾಗಿ ಗ್ರಂಥಾಲಯ ಸೇರಿತು. ಫಲಿತಾಂಶ: ಬಹುಪಾಲು ಆರೈಕೆದಾರರಿಗೆ ಹೊರೆ ಅಲ್ಪ ಅಥವಾ ಮಧ್ಯಮ. ಓದಿದವರಿಗೆ ನಮ್ಮ ಕುಟುಂಬ ವ್ಯವಸ್ಥೆ ಎಷ್ಟು ಗಟ್ಟಿ ಎಂದು ಹೆಮ್ಮೆ ಬರಬೇಕು, ಹಾಗಿದೆ. ಪರೀಕ್ಷಕರೊಬ್ಬರು ಮೌಖಿಕದಲ್ಲಿ ಅದನ್ನೇ ಹೇಳಿ ಮೆಚ್ಚಿಕೊಂಡರು. ಕೂಡು ಕುಟುಂಬ ಹೊರೆಯನ್ನು ಹಂಚಿಕೊಳ್ಳುತ್ತದೆ ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಪ್ರಬಂಧಗಳು ಬರೆದಿವೆಯೋ. ಹಂಚಿಕೊಳ್ಳುತ್ತದೆ, ಸುಳ್ಳಲ್ಲ. ದುಡ್ಡಿನ ಹೊರೆಯನ್ನು ಹಂಚಿಕೊಳ್ಳುತ್ತದೆ. ಆಸ್ಪತ್ರೆ ಓಡಾಟವನ್ನೂ ಹಂಚಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಏಳುವುದು ಮಾತ್ರ ಒಬ್ಬಳಿಗೇ ಬರುತ್ತದೆ. ಯಾರಿಗೆ ಬರುತ್ತದೋ ಅವಳನ್ನು ನಾವು ಕೇಳಿರಲಿಲ್ಲ, ಕೇಳಿದ್ದರೂ ಅತ್ತೆಯ ಎದುರಿಗೆ ಕೇಳಿದ್ದೆವು.

ಆ ಅಧ್ಯಯನ ಪೂರಾ ದಂಡ ಎಂದೂ ನಾನು ಹೇಳುವುದಿಲ್ಲ. ಅದರ ಕಡೆಯಲ್ಲಿ ಮೇಡಂ ಹಟ ಹಿಡಿದು ಮಾಡಿಸಿದ ಒಂದು ಪುಟ್ಟ ಕನ್ನಡ ಕೈಪಿಡಿ ಇತ್ತು. ಮಗ್ಗುಲು ಬದಲಿಸುವುದು, ನಳಿಕೆಯಲ್ಲಿ ಗಂಜಿ ಬಿಡುವಾಗ ತಲೆಯನ್ನು ಎತ್ತರಿಸುವುದು, ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸುವುದು, ಬಾಯಿಗೆ ಏನೂ ತುರುಕದಿರುವುದು, ಎಲ್ಲಕ್ಕೂ ರೇಖಾಚಿತ್ರ. ಅದರ ಜೆರಾಕ್ಸಿನ ಜೆರಾಕ್ಸು ಬಹಳ ವರ್ಷ ವಾರ್ಡಿನಲ್ಲಿ ಓಡಾಡಿತು. ಆದರೆ ಅದರಲ್ಲಿ ಇದ್ದುದೆಲ್ಲ ದೇಹದ ಮಾತು. ಗಂಡನ ಅಂಗಿ ಹಾಕಿಕೊಂಡು ಬಂದ ಇನ್ಯಾರದೋ ಜೊತೆ ಬಾಳುವುದು ಹೇಗೆ ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ತಂಗಿಯ ಮಗಳ ಫೈಲಿನಲ್ಲಿ ಪೆನ್ಸಿಲಿನಿಂದ ಹೆಚ್ಚೇನೂ ಗೀಚಲಿಲ್ಲ. ಡಿಸ್ಚಾರ್ಜ್ ದಿನದ ಬದಲು ಆರು ತಿಂಗಳು ಕಳೆದವರನ್ನು ಹುಡುಕು ಎಂದೆ. ರಾತ್ರಿ ಯಾರು ಏಳುತ್ತಾರೆ ಎಂದು ಮೊದಲು ಕೇಳಿಕೊಂಡು, ಆಮೇಲೆ ಅವರನ್ನು ಮುಖ್ಯ ಆರೈಕೆದಾರರು ಎಂದು ಬರಿ ಎಂದೆ. ಅವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಮನೆಯಲ್ಲಿ ಹದಿನೆಂಟರ ಒಳಗಿನವರು ಕೆಲಸಕ್ಕೆ ನಿಂತಿದ್ದರೆ, ಅಂಕ ಹಾಕಲಾಗದಿದ್ದರೂ, ಅವರ ಬಗ್ಗೆ ಒಂದು ಪುಟ ಬರೆಯಬೇಕು. ಅವಳು ಮೊಬೈಲಿನಲ್ಲಿ ತಾರೀಖು ನೋಡಿ, "ದೊಡ್ಡಮ್ಮ, ಸಬ್ಮಿಷನ್ ಜನವರಿಗೆ" ಎಂದಳು. ಸಬ್ಮಿಷನ್ನಿನ ಮುಂದೆ ನಾನೂ ಮಾತು ಮುಂದುವರಿಸಲಿಲ್ಲ. ರಾತ್ರಿಯ ಪ್ರಶ್ನೆಯೊಂದನ್ನಾದರೂ ಸೇರಿಸಿಕೊಂಡಿದ್ದಾಳೆ.

ಕಾಲ ಬದಲಾಗಿದೆ, ನಿಜ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ನಾನು ಇಳಿದು ನಡೆದ ಊರುಗಳು ಈಗ ಅದರ ಪಕ್ಕಕ್ಕೆ ಸರಿದಿವೆ. ಆಂಬುಲೆನ್ಸು ಬೇಗ ಬರುತ್ತದೆ, ಸ್ಕ್ಯಾನು ಜಿಲ್ಲೆಯಲ್ಲೇ ಆಗುತ್ತದೆ, ಅಂದು ದಾರಿಯಲ್ಲೇ ಸಾಯುತ್ತಿದ್ದವರು ಇಂದು ಉಳಿಯುತ್ತಾರೆ. ಹಿಂಬದಿ ಸವಾರರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಅರ್ಧ ತಲೆಗೆ ಬೋಗುಣಿ ಕವುಚಿದಂಥದ್ದನ್ನು ಹೆಲ್ಮೆಟ್ ಎಂದು ಹಾಕಿಕೊಂಡು ಓಡಾಡುವವರನ್ನು ಕಂಡರೆ ನನಗೆ ಬೈಯಬೇಕೆನಿಸುತ್ತದೆ, ಬೈದೂ ಇದ್ದೇನೆ. ಕಾರಿಡಾರಿನಲ್ಲಿ ಗೊಬ್ಬರದ ಚೀಲದ ಬದಲು ಪ್ಲಾಸ್ಟಿಕ್ ಚಾಪೆ, ಫೋನ್ ಚಾರ್ಜರು. ಸೊಸೆಯಂದಿರು ಓದಿದವರು, ಎಂ.ಆರ್.ಐ. ವರದಿಯನ್ನು ಫೋನಿನಲ್ಲೇ ಹುಡುಕಿ ಅರ್ಥ ಮಾಡಿಕೊಳ್ಳುತ್ತಾರೆ. ಡಾಕ್ಟರುಗಳಲ್ಲಿ ಹೆಂಗಸರು ಹೆಚ್ಚಾಗಿದ್ದಾರೆ. "ಗಂಡಸರು ಯಾರಿದ್ದೀರಾ" ಎಂಬ ಕೂಗು ಮೊದಲಿನಷ್ಟು ಕೇಳಿಸುವುದಿಲ್ಲ. ಕೂಡು ಕುಟುಂಬವೂ ಮೊದಲಿನಷ್ಟಿಲ್ಲ. ಹೋಂ ನರ್ಸ್ ಇಟ್ಟುಕೊಳ್ಳುವ ಶಕ್ತಿ ಇದ್ದವರು ಇಟ್ಟುಕೊಳ್ಳುತ್ತಾರೆ. ಹಾಗೆ ಬರುವ ಹುಡುಗಿಯರಲ್ಲಿ ನರ್ಸಿಂಗ್ ಕಲಿತವರು ಎಷ್ಟು ಎಂದು ನಾನಂತೂ ಕೇಳುವುದಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್ಸನ್ ಇದೆ, ಆಸಿಡ್ ದಾಳಿ ಇದೆ, ಕುಸುಮರೋಗ ಇದೆ. ತಲೆಪೆಟ್ಟಿನಿಂದ ಮಿದುಳಿಗಾದ ಹಾನಿ ಪ್ರತ್ಯೇಕವಾಗಿ ಇಲ್ಲ. ಕೈಕಾಲು ಬಿದ್ದಿದ್ದರೆ ಕೈಕಾಲಿನ ಲೆಕ್ಕದಲ್ಲಿ ಪ್ರಮಾಣಪತ್ರ ಕೇಳಬಹುದು. ಕೈಕಾಲು ನೆಟ್ಟಗಿದ್ದು ಗುಣ ಮಾತ್ರ ಕೆಟ್ಟವನ ಹೆಂಡತಿ ಯಾವ ಕೌಂಟರಿನ ಮುಂದೆ ನಿಲ್ಲಬೇಕು? ಅದೇ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಇದೆ. ಅಲ್ಲಿಗೆ ತಲುಪಬೇಕಾದರೆ ಮೊದಲು ಈ ಪಟ್ಟಿ ದಾಟಬೇಕು.

ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಇಂಥ ಮನೆ ಒಂದಾದರೂ ಇದ್ದೇ ಇರುತ್ತದೆ. ಹೋದಾಗ "ಈಗ ಹೇಗಿದ್ದಾರೆ, ಆರಾಮಾದ್ರಾ" ಎಂದು ಹಾಲ್‌ನಲ್ಲಿ ಕೂತು ಕೇಳಿ ಎದ್ದು ಬರಬೇಡಿ. ಎರಡು ಗಂಟೆ ಅವರ ಹತ್ತಿರ ನೀವು ಕೂತಿರಿ. ಅಡುಗೆಮನೆಯಲ್ಲಿರುವವಳಿಗೆ ಸುಮ್ಮನೆ ಹೊರಗೆ ಹೋಗಿ ಬಾ ಅನ್ನಿ. ಎಲ್ಲಿಗೆ ಹೋದೆ ಎಂದು ಕೇಳಬೇಡಿ.